ಕೊನೆಯವಳ ಹಿಂದೆ

“ಹತ್ತು!”

“ಹನ್ನೊಂದು!”

“ಹನ್ನೆರಡು!”

“ಹದಿಮೂರು!”

ಮಂಜಿನೊಳಗಿಂದ ಒಂದೊಂದೇ ಕೂಗು ಹಿಂದಕ್ಕೆ ದಾಟಿ ಬಂತು. ಕೊನೆಯ ಸರದಿ ಅಪೋಲಿನ್‌ಳದು. ಅವಳು ಎದೆ ತುಂಬ ಉಸಿರು ತುಂಬಿಕೊಂಡು ಕೂಗಿದಳು.

“ಹದಿನಾಲ್ಕು! ಎಲ್ಲಾರೂ ಇದೀವಿ, ಟೀಚರ್!”

ಆಗ ಅವಳ ಬೆನ್ನ ಹಿಂದೆ ಬೆಲ್ಲು ಹೊಡೆಯಿತು.

ಟ್ರಿಣ್.

ಅಪೋಲಿನ್‌ಳ ಕೈ ಬ್ರೇಕಿನ ಮೇಲೆ ಹಾಗೇ ನಿಂತುಬಿಟ್ಟಿತು. ಅವಳ ಹಿಂದೆ ಯಾರೂ ಇರುವ ಹಾಗಿರಲಿಲ್ಲ. ಮೈಮೇಲೆ ಹಳದಿ ಜಾಕೆಟ್ಟು, ಕೊರಳಲ್ಲಿ ಸೀಟಿ. ಸಾಲಿನ ಬಾಲ ಅವಳೇ. ಬಾಲದ ಹಿಂದೆ ಇನ್ನೇನು ಇರುತ್ತದೆ?

ಅವಳು ತಿರುಗಿ ನೋಡಿದಳು. ಮಂಜು. ಬರೀ ಮಂಜು.

ಆವತ್ತಿನ ಮಂಜು ಅಂಥಿಂಥ ಮಂಜಲ್ಲ. ಬೆಳಿಗ್ಗೆ ಅವರು ತಂಗಿದ್ದ ಮನೆಯ ಅಂಗಳದಲ್ಲಿ ಒಂದು ಕೋಳಿ ತನ್ನ ಬಾಲ ಕಾಣದೆ ಗಾಬರಿಯಾಗಿ, ಅದನ್ನು ಹುಡುಕುತ್ತ ಗಿರಗಿರ ಸುತ್ತುತ್ತಿತ್ತು. ಬೇಕರಿಯವನು ಮನೆಯೆಂದು ತಿಳಿದು ಕೊಟ್ಟಿಗೆಯ ಬಾಗಿಲು ತಟ್ಟಿ, ಹಸುವಿನ ಕೈಗೆ ಏಳು ಉದ್ದನೆಯ ಬ್ರೆಡ್ಡು ಕೊಟ್ಟು, “ಬರ್ತೀನಿ ಮೇಡಂ” ಅಂದು ಹೊರಟುಹೋಗಿದ್ದ. ಹಸುವಿಗೆ ಕೈ ಎಲ್ಲಿದೆ ಎಂದು ಕೇಳಬೇಡಿ. ಮಂಜಿನಲ್ಲಿ ಅವನಿಗೆ ಕಂಡಿತ್ತು.

ಮೋಂತ್ರೊಲಾನ್ ಹಳ್ಳಿಯ ಶಾಲೆಯ ಹದಿನಾಲ್ಕು ಮಕ್ಕಳು ಮೂರು ದಿನದ ಸೈಕಲ್ ಪ್ರವಾಸ ಹೊರಟಿದ್ದರು. ಮಾರ್ಚ್ ಕೊನೆಯ ವಾರ, ಪ್ರವಾಸದ ಎರಡನೇ ದಿನ. ದಾರಿ ಹಿಂದೆ ರೈಲು ಓಡುತ್ತಿದ್ದ ದಾರಿ. ಹಳಿ ಕಿತ್ತು, ಡಾಂಬರು ಹಾಕಿ, ಈಗ ಸೈಕಲ್ಲಿಗೆ ಬಿಟ್ಟುಕೊಟ್ಟಿದ್ದಾರೆ. ಕಾರಿಲ್ಲ, ಲಾರಿಯಿಲ್ಲ, ಹಾರ್ನಿಲ್ಲ. ಎಡಕ್ಕೂ ಬಲಕ್ಕೂ ಉಬ್ಬಿ ಇಳಿಯುವ ದ್ರಾಕ್ಷಿ ತೋಟಗಳು. ಬಿಸಿಲಿದ್ದರೆ ಇದರಷ್ಟು ಚಂದದ ದಾರಿ ಇನ್ನೊಂದಿಲ್ಲ. ಮಂಜಿದ್ದರೆ ಇದರಷ್ಟು ಮೌನದ ದಾರಿಯೂ ಇನ್ನೊಂದಿಲ್ಲ.

ಬಾಲದ ಕೆಲಸ ನಿಜಕ್ಕೂ ಅವಳ ಕ್ಲಾಸಿನ ತ್ರಿಸ್ತಾನನ ಅಪ್ಪನದು. ಬೆಳಿಗ್ಗೆ ಅವರ ಟೈರು ಹರಿದುಹೋಗಿ, ಹೊಸದು ತಂದು ಹಾಕಿಕೊಂಡು ಮಧ್ಯಾಹ್ನ ಸೇರಿಕೊಳ್ಳುತ್ತೇನೆಂದು ಹಿಂದೆಯೇ ಉಳಿದಿದ್ದರು. “ಅಲ್ಲೀತನಕ ಬಾಲ ಯಾರು?” ಎಂದು ಕೊರಿನ್ ಟೀಚರ್ ಕೇಳಿದಾಗ ಅಪೋಲಿನ್ ಕೈ ಎತ್ತಿದ್ದಳು.

ಇಡೀ ಕ್ಲಾಸು “ಓಹೋಹೋ!” ಎಂದಿತ್ತು. ಯಾಕೆಂದರೆ ಅಪೋಲಿನ್ ಇಲಿ ಕಂಡರೆ ಕುರ್ಚಿ ಹತ್ತುವವಳು, ಇಲಿಯ ಚಿತ್ರ ಕಂಡರೆ ಬೆಂಚು ಹತ್ತುವವಳು.

“ಬಾಲ ಅಂದ್ರೆ ಸುಮ್ನೆ ಅಲ್ಲ,” ಎಂದಿದ್ದರು ಟೀಚರ್. “ನಿನ್ನ ಹಿಂದೆ ಯಾರೂ ಉಳೀಬಾರ್ದು. ನೀನು ನಿಂತ್ರೆ ಮೂರು ಸಲ ವಿಸಿಲ್ ಊದ್ಬೇಕು. ಎಲ್ರೂ ನಿಲ್ತೀವಿ. ಗೊತ್ತಾಯ್ತಾ?”

“ಗೊತ್ತಾಯ್ತು ಟೀಚರ್.”

ಗೊತ್ತಾಗಿತ್ತು. ಆದರೂ ಐದು ನಿಮಿಷದ ಹಿಂದೆ ಅವಳ ಚೈನು ಕಳಚಿದಾಗ ಅವಳು ಸೀಟಿ ಊದಲಿಲ್ಲ. ಒಂದು ನಿಮಿಷದ ಕೆಲಸ, ಅಷ್ಟಕ್ಕೇ ಎಲ್ಲರನ್ನೂ ನಿಲ್ಲಿಸಿದರೆ ನಗುತ್ತಾರೆ ಅಂದುಕೊಂಡು, ಸರಸರನೆ ಚೈನು ಹಾಕಿ, ಕೈಯ ಗ್ರೀಸನ್ನು ಹುಲ್ಲಿಗೆ ಒರೆಸಿ, ಮಂಜಿನಲ್ಲಿ ಮಿಣುಕುತ್ತಿದ್ದ ಕೆಂಪು ದೀಪವನ್ನು ಹಿಂಬಾಲಿಸಿ ಸೇರಿಕೊಂಡಿದ್ದಳು. ಮುಂದಿನ ಸೈಕಲ್ಲಿನಲ್ಲಿ ಅವಳಿಗೆ ಕಾಣುತ್ತಿದ್ದದ್ದು ಆ ದೀಪವೊಂದೇ.

ಟ್ರಿಣ್. ಟ್ರಿಣ್.

ಮತ್ತೆ. ಈ ಸಲ ಇನ್ನೂ ಹತ್ತಿರ.

“ತ್ರಿಸ್ತಾನ್ ಅಪ್ಪ ಬಂದ್ರಾ?” ಎಂದಳು ಅವಳು. “ಅಂಕಲ್? ನೀವಾ?”

ದೊಡ್ಡವರು ಬಂದಿದ್ದರೆ “ನಾನೇ ಕಣಮ್ಮ” ಎನ್ನುತ್ತಿದ್ದರು. ಇದು ಏನೂ ಅನ್ನಲಿಲ್ಲ. ಟೈರು ಡಾಂಬರಿನ ಮೇಲೆ ಉರುಳುವ ಸರ್ ಎಂಬ ಸದ್ದು ಮಾತ್ರ. ಅವಳು ನಿಂತರೆ ಅದೂ ನಿಂತಿತು.

ಅಪೋಲಿನ್ ಪೆಡಲ್ ತುಳಿದಳು. ಎಷ್ಟು ಜೋರಾಗಿ ಎಂದರೆ, ಅವಳ ನೆರಳು ಬಿಸಿಲಿನ ದಿನವಾಗಿದ್ದರೆ ಹಿಂದೆ ಬಿದ್ದು ಅಳುತ್ತಿತ್ತು. ಸೀಟಿ ಬಾಯಿಗೆ ತಾನಾಗಿಯೇ ಬಂತು.

ಪೀಈ! ಪೀಈ! ಪೀಈ!

ಸಾಲು ನಿಂತಿತು. ದೂರದ ಮಂಜಿನಿಂದ ಟೀಚರ್ ಕೂಗಿದರು. “ಏನಾಯ್ತು ಅಪೋಲಿನ್?”

“ಟೀಚರ್, ನನ್ನ ಹಿಂದೆ... ಯಾರೋ ಬೆಲ್ ಹೊಡೀತಿದಾರೆ!”

“ಎಣಿಸಿ ನೋಡೋಣ. ಒಂದು!”

“ಎರಡು!” “ಮೂರು!” ಕೂಗು ಮತ್ತೆ ಹಿಂದಕ್ಕೆ ಬಂತು. “ಹನ್ನೆರಡು!” “ಹದಿಮೂರು!”

“ಹದಿನಾಲ್ಕು,” ಎಂದಳು ಅಪೋಲಿನ್.

“ಸರಿಯಾಗೇ ಇದೆಯಲ್ಲ!”

ಮಂಜಿನೊಳಗೆ ನಗು ಹರಿದಾಡಿತು. “ರೈಲ್ವೆ ಗೇಟಿನ ಮುದುಕ ಇರ್ಬೇಕು ಕಣ್ರೋ! ಸತ್ಮೇಲೂ ಅವನು ಗೇಟ್ ಹಾಕೋಕೆ ಬರ್ತಾನಂತೆ!” ಎಂದು ಯಾರೋ. “ರೈಲು ಬರ್ತಿದೆ ಅಪೋಲಿನ್, ಟಿಕೆಟ್ ತಗೋ!” ಎಂದು ಇನ್ಯಾರೋ.

“ಸಾಕು ಸುಮ್ನಿರಿ!” ಎಂದರು ಟೀಚರ್. ಆಮೇಲೆ, ಬೈಯುವ ಹಾಗಲ್ಲದಿದ್ದರೂ ದೃಢವಾಗಿ, “ಅಪೋಲಿನ್, ವಿಸಿಲ್ ಆಟದ ಸಾಮಾನಲ್ಲ. ಇನ್ನೊಂದು ಸಲ ಸುಮ್ಸುಮ್ನೆ ಊದಿದ್ರೆ ಜಾಕೆಟ್ಟು ಬೇರೆಯವ್ರಿಗೆ. ಬನ್ನಿ, ಗುಡ್ಡ ಹತ್ತೋಣ.”

ಅಲ್ಲಿ ದಾರಿ ಒಡೆಯುತ್ತದೆ. ನೇರ ಹೋದರೆ ಗುಡ್ಡದ ಹೊಟ್ಟೆಯೊಳಗೆ ನುಗ್ಗುವ ಹಳೆಯ ರೈಲು ಸುರಂಗ. ಚಳಿಗಾಲ ಪೂರ್ತಿ ಅದಕ್ಕೆ ಕಬ್ಬಿಣದ ಗೇಟು. ಒಳಗೆ ಬಾವಲಿಗಳು ನಿದ್ದೆ ಮಾಡುತ್ತವೆ, ಅವುಗಳನ್ನು ಎಬ್ಬಿಸಬಾರದು. ಅವು ತಾವಾಗಿ ಏಳುವತನಕ ಸೈಕಲ್ಲಿನವರು ಬಲಕ್ಕೆ ತಿರುಗಿ, ದ್ರಾಕ್ಷಿ ಸಾಲುಗಳ ನಡುವಿನ ಮಣ್ಣು ದಾರಿಯಲ್ಲಿ ಗುಡ್ಡ ಹತ್ತಿ ಇಳಿಯಬೇಕು.

ಸಾಲು ಬಲಕ್ಕೆ ತಿರುಗಿತು. ಏರು ಶುರುವಾಯಿತು. ಗಟ್ಟಿ ಕಾಲಿನವರು ಮುಂದೆ ಮುಂದೆ ಹೋದರು. ಅಪೋಲಿನ್ ಹಲ್ಲು ಕಚ್ಚಿಕೊಂಡು ಕೆಂಪು ದೀಪವನ್ನೇ ನೋಡುತ್ತ ತುಳಿದಳು. ಹಿಂದೆ ನೋಡುವುದಿಲ್ಲ, ಏನು ಹೊಡೆದರೂ ನೋಡುವುದಿಲ್ಲ.

ದಾರಿಯ ಎರಡೂ ಬದಿಗೆ ಬಳ್ಳಿಗಳು ಅಳುತ್ತಿದ್ದವು. ನಿಜವಾಗಿ. ಚಳಿಗಾಲದಲ್ಲಿ ಕೊಂಬೆ ಸವರಿದ ಮೇಲೆ ಮಾರ್ಚಿನಲ್ಲಿ ಬೇರಿನ ನೀರು ಮೇಲಕ್ಕೇರಿ, ಕತ್ತರಿಸಿದ ಪ್ರತಿ ತುದಿಯಿಂದಲೂ ಹನಿಯಾಗಿ ಬೀಳುತ್ತದೆ. ತೊಟ್. ತೊಟ್. ಸಾವಿರ ಬಳ್ಳಿ, ಸಾವಿರ ಹನಿ. ಮೊಳಕಾಲೆತ್ತರದ ಕಪ್ಪು ಬೊಡ್ಡೆಗಳು ಮುಷ್ಟಿ ಎತ್ತಿ ನಿಂತ ಕುಳ್ಳ ಮುದುಕರ ಹಾಗೆ ಮಂಜಿನಿಂದ ಒಂದೊಂದೇ ಹೊರಬಂದು, ಒಂದೊಂದೇ ಹಿಂದಕ್ಕೆ ಹೋಗುತ್ತಿದ್ದವು.

ಅರ್ಧ ಗುಡ್ಡ ಹತ್ತಿರಬಹುದು. ಆಗ ಬೆಲ್ಲು ಮತ್ತೆ ಕೇಳಿಸಿತು.

ಈ ಸಲ ಹಿಂದಿನಿಂದಲ್ಲ. ಕೆಳಗಿನಿಂದ. ಅವಳು ತುಳಿಯುತ್ತಿದ್ದ ನೆಲದ ಅಡಿಯಿಂದ, ಗುಡ್ಡದ ಹೊಟ್ಟೆಯೊಳಗಿಂದ.

ಟ್ರಿಣ್ ಟ್ರಿಣ್ ಟ್ರಿಣ್ ಟ್ರಿಣ್ ಟ್ರಿಣ್...

ನಿಲ್ಲಲೇ ಇಲ್ಲ. ಅವಳು ಕಾಲು ಕೆಳಗಿಟ್ಟಳು. ಓಡಿಹೋಗಿ ಎಲ್ಲರ ನಡುವೆ ಸೇರಿಕೊಂಡುಬಿಡಬೇಕು ಅನ್ನಿಸಿತು.

ಆದರೆ ಆ ಸದ್ದಿನಲ್ಲಿ ಏನೋ ಬೇರೆ ಇತ್ತು. ಮೊದಲಿನದು ಕಳ್ಳ ಬೆಲ್ಲು, ಒಂದು ಸಲ ಹೊಡೆದು ಅಡಗುವಂಥದ್ದು. ಇದು ಅಡಗುತ್ತಿರಲಿಲ್ಲ. ಇದು ಕರೆಯುತ್ತಿತ್ತು.

ಅಪೋಲಿನ್‌ಗೆ ತಟ್ಟನೆ ಒಂದು ವಿಷಯ ಹೊಳೆಯಿತು. ಹದಿಮೂರು ಎಂದರೆ ಗಾಸ್ಪಾರ್. ಗಾಸ್ಪಾರ್ ಹುಟ್ಟಿದಾಗಿನಿಂದ ಯಾವ ಮಾತನ್ನೂ ನೆಟ್ಟಗೆ ಹೇಳಿದವನಲ್ಲ. ನಿನ್ನೆ ಇಡೀ ದಿನ, ಪ್ರತಿ ಸಲ ಎಣಿಸುವಾಗಲೂ ಅವನು ಕೂಗಿದ್ದು “ಹದಿಮೂರು, ಹಸಿವು ಜೋರು!” ಎಂದು. ಇವತ್ತು ಎರಡು ಸಲವೂ ಬರೀ “ಹದಿಮೂರು.” ಅದೂ ದಪ್ಪ ಗಂಟಲಿನಲ್ಲಿ.

ಅವಳು ಎದ್ದು ನಿಂತು ತುಳಿದು ಮುಂದಿನ ಕೆಂಪು ದೀಪವನ್ನು ಹಿಡಿದಳು. ಸೈಕಲ್ಲಿನ ಮೇಲಿದ್ದದ್ದು ಗಾಸ್ಪಾರ್ ಅಲ್ಲ, ತ್ರಿಸ್ತಾನ್.

“ಗಾಸ್ಪಾರ್ ಎಲ್ಲೋ?”

ತ್ರಿಸ್ತಾನ್ ಕಿಸಕ್ಕನೆ ನಕ್ಕ. “ಹೆದರ್ಕೊಂಡ್ಯಾ? ನೀನು ಚೈನ್ ಹಾಕ್ತಿದ್ದಾಗ ಅವನು ದ್ರಾಕ್ಷಿ ಬಳ್ಳಿ ಸಾಲೊಳಗೆ ಬಚ್ಚಿಟ್ಕೊಂಡ. ‘ಹಿಂದಿನಿಂದ ಬೆಲ್ ಹೊಡ್ದು ಅವಳನ್ನ ಹೆದರಿಸ್ತೀನಿ, ನನ್ನ ನಂಬರ್ ನೀನೇ ಕೂಗು’ ಅಂದ. ನಾನು ಹೆಂಗೆ ಕೂಗ್ದೆ? ಹದಿಮೂರೂ!”

“ಈಗೆಲ್ಲಿದಾನೆ?”

“ನಿನ್ನ ಹಿಂದೆ.”

“ನನ್ನ ಹಿಂದೆ ಯಾರೂ ಇಲ್ಲ ಕಣೋ. ಕೇಳು.”

ಇಬ್ಬರೂ ಕಿವಿಗೊಟ್ಟರು. ತೊಟ್. ತೊಟ್. ಆಮೇಲೆ ನೆಲದ ಅಡಿಯಿಂದ, ಟ್ರಿಣ್ ಟ್ರಿಣ್ ಟ್ರಿಣ್ ಟ್ರಿಣ್.

ತ್ರಿಸ್ತಾನನ ನಗು ಇಂಗಿತು. “ಅದು... ಗುಡ್ಡದೊಳಗಿಂದ ಬರ್ತಿದೆ.”

ಅಪೋಲಿನ್ ಸೀಟಿ ಎತ್ತಿದಳು.

“ಬೇಡ ಕಣೇ! ಟೀಚರ್ ಬೈತಾರೆ. ನಂಗೂ ಬೈತಾರೆ, ನಿನ್ನ ಜಾಕೆಟ್ಟೂ ಹೋಗುತ್ತೆ!”

ಅವಳು ಊದಿದಳು. ಮೂರು ಸಲ. ಮತ್ತೆ ಮೂರು ಸಲ. ಮಂಜು ಆ ಸದ್ದನ್ನು ಹಾಲಿಗೆ ಹಾಕಿದ ಸಕ್ಕರೆಯ ಹಾಗೆ ಕರಗಿಸಿಕೊಂಡಿತು. ಉಳಿದವರು ಆಗಲೇ ಗುಡ್ಡದ ನೆತ್ತಿ ದಾಟಿದ್ದಿರಬೇಕು. ಯಾರೂ ಓಗೊಡಲಿಲ್ಲ.

“ನೀನು ಮೇಲೆ ಹೋಗಿ ಟೀಚರ್‌ಗೆ ಹೇಳು. ಎಲ್ಲಾ ಹೇಳು. ನಂಬರ್ ಕೂಗಿದ್ದೂ ಹೇಳು.”

“ನೀನು?”

“ನಾನು ಬಾಲ,” ಎಂದಳು ಅಪೋಲಿನ್, ಸೈಕಲ್ಲನ್ನು ಕೆಳಮುಖವಾಗಿ ತಿರುಗಿಸುತ್ತ. ಹಾಗೆ ಹೇಳಿದ್ದು ಧೈರ್ಯದಿಂದಲ್ಲ. ಬೇರೇನು ಹೇಳಬೇಕೆಂದು ತಿಳಿಯಲಿಲ್ಲ.

ಇಳಿಜಾರು. ಬ್ರೇಕು ಕಿರ್ ಎಂದಿತು. ಬೊಡ್ಡೆಯ ಕುಳ್ಳ ಮುದುಕರು ಮುಷ್ಟಿ ಎತ್ತಿಕೊಂಡು ಬಂದರು, ಹೋದರು. ಅವಳು ಮನಸ್ಸಿನಲ್ಲೇ ಮಗ್ಗಿ ಹೇಳಿಕೊಂಡಳು. ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು...

ದಾರಿ ಒಡೆಯುವ ಜಾಗಕ್ಕೆ ಬರುತ್ತಿದ್ದ ಹಾಗೆ, ಎಡಗಡೆಯ ಸಾಲುಗಳ ನಡುವೆ ಒಂದು ಕೆಂಪು ಬೆಳಕು ಕಂಡಿತು. ಸೈಕಲ್ ದೀಪವಲ್ಲ. ಅದಕ್ಕಿಂತ ದೊಡ್ಡದು, ಉಸಿರಾಡುವ ಹಾಗೆ ಉಬ್ಬುತ್ತ ಕುಗ್ಗುತ್ತ ಇತ್ತು. ಕೀಂವ್... ಕೀಂವ್... ಎಂದು ನರಳುತ್ತ ಅದು ತಾನೇ ತಾನಾಗಿ ಅವಳ ಕಡೆಗೆ ನಡೆದು ಬರುತ್ತಿತ್ತು. ಹಿಂದೆ ಮನುಷ್ಯರಿರಲಿಲ್ಲ.

ಅಪೋಲಿನ್ ಕಿರುಚಲು ಬಾಯಿ ತೆರೆದಳು. ಅಷ್ಟರಲ್ಲಿ ಅದು ಕೆಮ್ಮಿತು.

“ಥೂ ಈ ಹೊಗೆ! ಯಾರದು ಅಲ್ಲಿ? ಇನ್ನೂ ಒಂದು ಮಗುನಾ?”

ಬೆಂಕಿಯ ಹಿಂದಿನಿಂದ ಒಂದು ತಲೆ ಎದ್ದಿತು. ಒಡೆತ್ ಅಜ್ಜಿ! ಅಪೋಲಿನ್‌ಳ ಊರಿನವಳೇ, ಬಳ್ಳಿ ಸವರಲು ಇಷ್ಟು ದೂರ ಬರುವವಳು. ಸೊಂಟ ಅರ್ಧಕ್ಕೆ ಮಡಿಸಿಕೊಂಡು ತಳ್ಳುಗಾಡಿ ತಳ್ಳುತ್ತಿದ್ದಳು. ಗಾಡಿ ಎಂದರೆ ಒಂದು ಚಕ್ರದ ಮೇಲೆ ಕೂರಿಸಿದ ಅರ್ಧ ಎಣ್ಣೆ ಡ್ರಮ್ಮು. ಬಳ್ಳಿ ಸವರುವವರು ಕತ್ತರಿಸಿದ ಕಡ್ಡಿಯನ್ನೆಲ್ಲ ಅದರಲ್ಲೇ ಹಾಕಿ ಸುಡುತ್ತ, ಚಳಿಗೆ ಕೈ ಕಾಯಿಸಿಕೊಳ್ಳುತ್ತ ಸಾಲಿನುದ್ದಕ್ಕೂ ಹೋಗುತ್ತಾರೆ. ಅಪೋಲಿನ್ ಹುಟ್ಟಿದಾಗಿನಿಂದ ಅದನ್ನು ನೋಡಿದವಳು. ಬಿಸಿಲಿನಲ್ಲಿ.

“ನಾನು ಅಜ್ಜಿ, ಅಪೋಲಿನ್. ಒಬ್ಬ ಹುಡುಗ ಈ ಕಡೆ ಬಂದ್ನಾ?”

“ಬಂದ್ನಾ ಅಂತ ಕೇಳ್ತೀಯಾ! ನನ್ನ ಗಾಡಿ ನೋಡಿ ಬಾಯಿ ಇಷ್ಟಗಲ ತೆರ್ದ. ಸದ್ದೇ ಬರ್ಲಿಲ್ಲ ಪಾಪ. ಸೈಕಲ್ ತಿರುಗ್ಸಿ ನೇರಕ್ಕೆ ಬಿಟ್ಟ ನೋಡು, ಸುರಂಗದ ಕಡೆ! ಕೂಗ್ದೆ ನಾನು, ‘ಮಗಾ, ಅಲ್ಲಿ ಗೇಟ್ ಹಾಕಿದೆ’ ಅಂತ. ಕೂಗಿದಷ್ಟೂ ಜೋರಾಗಿ ಓಡಿದ. ಯಾರ ಮನೆಯೋನು?”

“ಗಾಸ್ಪಾರ್. ಹೋದ ವರ್ಷ ಲಿಯೋನ್‌ನಿಂದ ಬಂದ್ರಲ್ಲ, ಅವ್ರು.”

“ಸಿಟಿಯೋನು! ಅದಕ್ಕೇ. ಮಂಜಲ್ಲಿ ನಾನೇ ಮೋಸ ಹೋಗಿದೀನಿ ಬಿಡು. ಒಂದ್ಸಲ ಬೆಳಿಗ್ಗೆಯಿಂದ ಸಂಜೇತನಕ ಎರಡು ಸಾಲು ಬಳ್ಳಿ ಸವರ್ದೆ. ಮಂಜು ಎದ್ಮೇಲೆ ನೋಡ್ತೀನಿ, ಪಕ್ಕದವ್ರ ತೋಟ! ಥ್ಯಾಂಕ್ಸೂ ಹೇಳ್ಲಿಲ್ಲ ಪುಣ್ಯಾತ್ಮರು.” ಅಜ್ಜಿ ಕೆಮ್ಮುತ್ತ ನಕ್ಕಳು. ಆಮೇಲೆ ಅಪೋಲಿನ್‌ಳ ಮುಖ ನೋಡಿ ನಗು ನಿಲ್ಲಿಸಿದಳು. “ನನ್ನ ಕಾಲು ಅಷ್ಟು ದೂರ ಬರಲ್ಲ ಕಣೆ. ಆದ್ರೆ ಇಲ್ಲೇ ನಿಂತ್ಕೊಂಡು ಬೆಂಕಿ ದೊಡ್ಡದು ಮಾಡ್ತೀನಿ. ನೀನು ಹಿಂದೆ ತಿರುಗಿ ನೋಡ್ದಾಗೆಲ್ಲ ಕಾಣುತ್ತೆ. ಹೋಗು.”

ಅಪೋಲಿನ್ ಹೋದಳು. ಎರಡು ಸಲ ತಿರುಗಿ ನೋಡಿದಳು. ಬೆಂಕಿ ಕಂಡಿತು. ಮೂರನೇ ಸಲ ನೋಡಿದಾಗ ಕೆಂಪಗಿನ ಮಂಜು ಮಾತ್ರ ಇತ್ತು.

ಎರಡೂ ಕಡೆ ಕಲ್ಲಿನ ಗೋಡೆ ಎತ್ತರವಾಗುತ್ತ ಬಂತು. ಅದರ ಮೇಲೆ ಒದ್ದೆ ಪಾಚಿ, ಜೋತುಬಿದ್ದ ಬಳ್ಳಿ. ಎದುರಿನಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಗುಡ್ಡ ಬಾಯಿ ತೆರೆದು ಮೆಲ್ಲಗೆ ಉಸಿರು ಬಿಡುತ್ತಿದ್ದ ಹಾಗೆ. ಮತ್ತು ಬೆಲ್ಲು. ಈಗ ಒಂದಲ್ಲ, ಎರಡು. ಒಂದು ಹತ್ತಿರ, ಒಂದು ಆಳದಲ್ಲಿ. ಒಂದು ಹೊಡೆದ ತಕ್ಷಣ ಇನ್ನೊಂದು ಹೊಡೆಯುತ್ತಿತ್ತು.

ಎರಡು. ಗಾಸ್ಪಾರ್ ಒಬ್ಬನೇ ಅಲ್ಲವೇ?

ಅವಳು ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ನಡೆದಳು. ಮಗ್ಗಿ ಮರೆತುಹೋಗಿತ್ತು. ಕಬ್ಬಿಣದ ಸರಳುಗಳು ಕಂಡವು. ಅವುಗಳ ಹಿಂದೆ ಕತ್ತಲೆ. ಗೇಟಿನ ಬುಡದಲ್ಲಿ ಒಂದು ಮುದ್ದೆ. ಮುದ್ದೆಯ ಪಕ್ಕ ಸೈಕಲ್ಲು ಮಲಗಿತ್ತು. ಮುದ್ದೆಯಿಂದ ಒಂದು ಕೈ ಹೊರಬಂದು ಬೆಲ್ಲು ಹೊಡೆಯುತ್ತಲೇ ಇತ್ತು.

“ಗಾಸ್ಪಾರ್.”

ಮುದ್ದೆ ಎಗರಿಬಿತ್ತು. “ಅಮ್ಮಾ!”

“ನಾನು ಕಣೋ. ಅಪೋಲಿನ್.”

ಅವನು ಅವಳನ್ನು ನೋಡಿದ. ಮುಖವೆಲ್ಲ ಒದ್ದೆಯಾಗಿತ್ತು. ಆದರೂ ಕೈ ಬೆಲ್ಲನ್ನು ಬಿಡಲಿಲ್ಲ.

“ನಿಲ್ಸು ಸಾಕು. ಬಂದೆನಲ್ಲ.”

“ನಿಲ್ಸೋಕಾಗಲ್ಲ,” ಎಂದ ಪಿಸುಗುಟ್ಟುತ್ತ. “ಒಳಗೆ ಯಾರೋ ಇದಾರೆ. ನಾನು ಹೊಡೆದ್ರೆ ಅವ್ರೂ ಹೊಡೀತಾರೆ. ನಾನು ನಿಲ್ಸಿದ್ರೆ ಅವ್ರು... ಹೊರಗೆ ಬರ್ತಾರೆ ಅನ್ಸುತ್ತೆ.”

ಅಪೋಲಿನ್‌ಗೆ ನಗು ಬರಬೇಕಿತ್ತು. ಬರಲಿಲ್ಲ. ಅವಳು ಅವನ ಕೈ ಹಿಡಿದು ಬೆಲ್ಲಿನಿಂದ ಬಿಡಿಸಿದಳು. ಮಂಜಿನಷ್ಟೇ ತಣ್ಣಗಿತ್ತು ಅದು. ಇಬ್ಬರೂ ಉಸಿರು ಹಿಡಿದು ಕತ್ತಲೆಯನ್ನು ನೋಡಿದರು. ಆಳದ ಬೆಲ್ಲು ಒಂದು ಸಲ ಹೊಡೆದು ನಿಂತಿತು.

ಏನೂ ಹೊರಗೆ ಬರಲಿಲ್ಲ.

ಅವಳು ತನ್ನ ಬೆಲ್ಲನ್ನು ಒಂದೇ ಒಂದು ಸಲ ಹೊಡೆದಳು. ಅವಳದು ಅಜ್ಜನ ಕಾಲದ ಬೆಲ್ಲು, ತುಕ್ಕು ಹಿಡಿದು ಕಪ್ಪೆಯ ಹಾಗೆ ಸದ್ದು ಮಾಡುತ್ತಿತ್ತು. ಕ್ರಕ್. ಸ್ವಲ್ಪ ಹೊತ್ತಿನ ಮೇಲೆ ಗುಡ್ಡದೊಳಗಿನಿಂದ ಉತ್ತರ ಬಂತು. ಕ್ರಕ್.

ಗಾಸ್ಪಾರ್ ಮೂಗು ಒರೆಸಿಕೊಂಡ. “ನಮ್ದೇ ಸದ್ದಾ ಅದು?”

“ಇನ್ನೇನು, ಬಾವಲಿ ಸೈಕಲ್ ಹೊಡೆಯುತ್ತಾ?”

ಅವನು ಅರ್ಧ ನಕ್ಕ, ಅರ್ಧ ಬಿಕ್ಕಿದ. “ನಿನ್ನ ಹೆದರಿಸೋಣ ಅಂತ ಮಾಡಿದ್ದು ಕಣೆ. ಆಮೇಲೆ ನೀವೆಲ್ಲಾ ಹೊರಟುಹೋದ್ರಿ. ನಾನು ಕೊನೆಯವ್ನು ಅಂತ ಗೊತ್ತಾಯ್ತು. ಬೆನ್ನು ಪೂರ್ತಿ ಖಾಲಿ ಖಾಲಿ ಅನ್ನಿಸ್ತು. ನಿಂಗೂ ಹಂಗೇ ಅನ್ಸುತ್ತಾ?”

“ಬೆಳಿಗ್ಗೆಯಿಂದ,” ಎಂದಳು ಅಪೋಲಿನ್.

“ಮತ್ತೆ ಯಾಕೆ ಕೈ ಎತ್ತಿದ್ದು?”

ಅವಳು ಬಿದ್ದಿದ್ದ ಅವನ ಸೈಕಲ್ಲನ್ನು ಎತ್ತಿ ನಿಲ್ಲಿಸಿದಳು. “ಏಳು. ಟೀಚರ್ ಬರ್ತಿರ್ತಾರೆ,” ಎಂದಳು.

ಟೀಚರ್ ಬಂದೇ ಬಿಟ್ಟಿದ್ದರು. ಒಡೆತ್ ಅಜ್ಜಿಯ ಬೆಂಕಿಯ ಹತ್ತಿರ ಅವರ ಸೈಕಲ್ಲು ಧಡಕ್ಕನೆ ಬಿದ್ದ ಸದ್ದು ಕೇಳಿಸಿತು. ಅವರು ಓಡಿ ಬಂದು ಇಬ್ಬರನ್ನೂ ಒಟ್ಟಿಗೇ ಅಪ್ಪಿಕೊಂಡರು. ಆಮೇಲೆ ಗಾಸ್ಪಾರ್‌ನನ್ನು ಬೇರೆ ನಿಲ್ಲಿಸಿ, ಸುರಂಗದೊಳಗಿನ ಬಾವಲಿಗಳೆಲ್ಲ ಒಂದು ವಾರ ಮೊದಲೇ ಎಚ್ಚರವಾಗುವಷ್ಟು ಬೈದರು. ಆಮೇಲೆ, ಎರಡೂ ಸಲ ದನಿಗಳನ್ನಷ್ಟೇ ಎಣಿಸಿ ಮುಖಗಳನ್ನು ನೋಡದೆ ಹೊರಟ ತಮ್ಮನ್ನೇ ಬೈದುಕೊಂಡರು.

“ಉಳಿದವ್ರು ಮೇಲೆ ಪ್ರಾರ್ಥನಾ ಮಂದಿರದ ಮೆಟ್ಟಿಲ ಮೇಲೆ ಕೂತಿದಾರೆ. ಬನ್ನಿ. ಅಪೋಲಿನ್, ಆ ಜಾಕೆಟ್ಟು ಕೊಡು. ನೀನು ನಡುವೆ ಬಾ. ಸಾಕು ನಿಂಗೆ.”

ಅಪೋಲಿನ್ ಜಾಕೆಟ್ಟಿನ ಜಿಪ್ಪಿಗೆ ಕೈ ಹಾಕಿದಳು. ನಡುವೆ. ಮುಂದೆ ಒಬ್ಬರು, ಹಿಂದೆ ಒಬ್ಬರು. ಎಷ್ಟು ಬೆಚ್ಚಗಿರುತ್ತದೆ!

“ಟೀಚರ್,” ಎಂದ ಗಾಸ್ಪಾರ್. ಅವನು ನೆಲ ನೋಡುತ್ತಿದ್ದ. “ಅವಳೇ ಇರ್ಲಿ ಟೀಚರ್. ಹಿಂದೆ.”

ಟೀಚರ್ ಅವನನ್ನು ನೋಡಿದರು, ಅವಳನ್ನು ನೋಡಿದರು. ಅಪೋಲಿನ್ ಜಿಪ್ಪನ್ನು ಗಲ್ಲದವರೆಗೂ ಎಳೆದುಕೊಂಡಳು.

ಏರು ಮತ್ತೆ ಶುರುವಾಯಿತು. ಮೊದಲು ಟೀಚರ್, ಅವರ ಹಿಂದೆ ಗಾಸ್ಪಾರ್, ಕೊನೆಗೆ ಅಪೋಲಿನ್. ಮಂಜು ಅವಳ ಹಿಂದೆ ದಾರಿಯನ್ನು ಮುಚ್ಚುತ್ತ ಬಂತು. ಅವಳ ಕುತ್ತಿಗೆ ಇನ್ನೂ ತಣ್ಣಗಿತ್ತು. ಬೆನ್ನು ಇನ್ನೂ ಖಾಲಿಯಾಗಿತ್ತು. ಒಂದೆರಡು ಸಲ ಹಿಂದೆ ಏನೋ ಉರುಳಿದ ಹಾಗೂ ಅನ್ನಿಸಿತು.

ಮುಂದೆ ಗಾಸ್ಪಾರ್ ಏನನ್ನೋ ಗುನುಗತೊಡಗಿದ. ರಾಗ ತಪ್ಪಿ, ಉಸಿರು ಕಟ್ಟಿ, ತಲೆ ಅಲ್ಲಾಡಿಸುತ್ತ. ಮೊದಲ ತಿರುವು ಬಂತು, ಎರಡನೇ ತಿರುವು ಬಂತು, ಮಂದಿರದ ಗೋಡೆ ಬೆಳ್ಳಗೆ ಮೂಡಿತು.

ಅಷ್ಟು ದೂರವೂ ಅವನು ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ.

ಅಪೋಲಿನ್ ಅದನ್ನೇ ನೋಡುತ್ತಿದ್ದಳು. ಅವನು ಯಾಕೆ ನೋಡುತ್ತಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳು ಇನ್ನೊಂದು ಸ್ವಲ್ಪ ಜೋರಾಗಿ ತುಳಿದು, ಅವನಿಗೆ ತನ್ನ ಟೈರಿನ ಸದ್ದು ಕೇಳಿಸುವಷ್ಟು ಹತ್ತಿರಕ್ಕೆ ಬಂದಳು.